ನಾಗಮಂಡಲದ ಕೀಲಿ

ಮೊನ್ನೆ ರವಿವಾರ 'ನಾಗಮಂಡಲ' ಮತ್ತೊಮ್ಮೆ ನೋಡಿದೆ. ಎಷ್ಟನೇ ಸಲವೋ, ಲೆಕ್ಕ ಇಟ್ಟಿಲ್ಲ. ಗಿರೀಶ ಕಾರ್ನಾಡರ ನಾಟಕವನ್ನ ಟಿ.ಎಸ್. ನಾಗಾಭರಣ 1997ರಲ್ಲಿ ಸಿನಿಮಾ ಮಾಡಿದ್ದು. ನಮ್ಮ ಬೈಲಹೊಂಗಲದ ಕಡೆಯವರಿಗೆ ಇದರ ಮೇಲೆ ಒಂದು ತೂಕ ಹೆಚ್ಚೇ ಪ್ರೀತಿ. ಗೋಪಾಲ ವಾಜಪೇಯಿಯವರ ಹಾಡುಗಳ ಭಾಷೆ ನಮ್ಮ ಅಡಿಗಿ ಮನಿಯಿಂದ ಎದ್ದು ಹೋದ ಹಾಗಿದೆ. ಉಳಿದ ಸಿನಿಮಾಗಳಲ್ಲಿ ನಮ್ಮ ಮಾತು ಬರೋದು ಬರೀ ನಗಿಸೋಕೆ! ಸಿ. ಅಶ್ವಥ್ ಸಂಗೀತ, ಸಂಗೀತಾ ಕಟ್ಟಿ ದನಿ... ನೀವೂ ಕೇಳಿರ್ತೀರಿ, ಬಿಡಿ.

ಎಲ್ಲರೂ ಈ ಸಿನಿಮಾ ಅಂದ ಕೂಡಲೇ ಹಾವಿನ ಬಗ್ಗೆ ಮಾತಾಡ್ತಾರೆ. ನನಗೆ ಮಾತ್ರ ನೆನಪಾಗೋದು ಕೀಲಿ. ಅಪ್ಪಣ್ಣ ಹೆಂಡತಿ ರಾಣಿಯನ್ನ ಒಳಗಿಟ್ಟು ಹೊರಗಿನಿಂದ ಕೀಲಿ ಹಾಕಿಕೊಂಡು ಸೂಳೆ ಮನೆಗೆ ಹೋಗ್ತಾನೆ. ಮಧ್ಯಾಹ್ನ ಉಣ್ಣೋಕೆ ಮಾತ್ರ ಬರ್ತಾನೆ. ರಾತ್ರಿ ಅವನದೇ ರೂಪದಲ್ಲಿ ನಾಗ ಬರ್ತಾನೆ. ಎರಡೂ ಪಾತ್ರ ಪ್ರಕಾಶ್ ರೈ ಅವರದೇ. ರಾಣಿಗೆ ಬೇರೆ ಗಂಡಸೇನೂ ಬೇಕಿಲ್ಲ ನೋಡಿ. ಅದೇ ಮುಖ ಸ್ವಲ್ಪ ಮೆತ್ತಗೆ ಮಾತಾಡಿದರೆ ಸಾಕು. ಅಷ್ಟಕ್ಕೂ ಹಾವೇ ಬರಬೇಕಾಯ್ತು!

ಆಕೆ ಬಸುರಿಯಾದಾಗ ಪಂಚಾಯ್ತಿ ಕೂಡುತ್ತೆ. ಹುತ್ತದೊಳಗೆ ಕೈ ಹಾಕಿ ಆಣೆ ಮಾಡೋಳು ರಾಣಿ. ಅಪ್ಪಣ್ಣ ರಾತ್ರಿ ಎಲ್ಲಿ ಮಲಗಿದ್ದ ಅಂತ ಯಾರೂ ಕೇಳೋದಿಲ್ಲ. ಹಾವು ಕಚ್ಚಲಿಲ್ಲ, ಆಕೆ ದೇವಿಯಾದಳು. ಗಂಡ ಕಾಲಿಗೆ ಬಿದ್ದ. ಆಮೇಲೆ? ಅದೇ ಮನೆ, ಅದೇ ಅಪ್ಪಣ್ಣ. ಇದನ್ನ ಸುಖಾಂತ ಅನ್ನೋಕೆ ನನಗಂತೂ ಬಾಯಿ ಬರೋದಿಲ್ಲ. ಕಾರ್ನಾಡರಿಗೂ ಸಮಾಧಾನ ಆಗಿರಲಿಲ್ಲ ಅನ್ನಿಸುತ್ತೆ, ನಾಟಕವನ್ನ ಒಂದೇ ಕಡೆ ಮುಗಿಸದೆ ಮತ್ತೆ ಮತ್ತೆ ಬೇರೆ ಥರ ಮುಗಿಸಿ ನೋಡ್ತಾರೆ. ಕೊನೆಗೆ ರಾಣಿ ಹಾವನ್ನ ತನ್ನ ಕೂದಲಲ್ಲೇ ಇಟ್ಟುಕೊಳ್ತಾಳೆ. ಆಕೆಗೆ ಎಲ್ಲಾ ಗೊತ್ತಿತ್ತು ಅನ್ನೋದು ನನ್ನ ವಾದ. ಬೇಕಾದರೆ ಜಗಳ ಆಡಿ.

ನಮ್ಮೂರಿನಿಂದ ಸವದತ್ತಿ ದೂರ ಇಲ್ಲ. ಗಂಡ ಅನುಮಾನಪಟ್ಟು ತಲೆ ಕಡಿಸಿದ ರೇಣುಕೆಯೇ ಅಲ್ಲಿನ ಎಲ್ಲವ್ವ. ಹೊಸ್ತಿಲ ಹುಣ್ಣಿವಿಗೆ ಜಮದಗ್ನಿ ಸತ್ತನೆಂದು ದೇವಿಯ ಬಳಿ ಒಡೀತಾರೆ. ಭಾರತ ಹುಣ್ಣಿವಿಗೆ ಮತ್ತೆ ಮುತ್ತೈದಿ ಮಾಡ್ತಾರೆ. ತಲೆ ಕಡಿಸಿದವನಿಗಾಗಿ ವರ್ಷಾ ವರ್ಷಾ ಬಳಿ ಒಡೆಸಿಕೊಳ್ಳಬೇಕು, ದೇವಿಯಾದರೂ! ಕಿತ್ತೂರು, ರಾಮದುರ್ಗದ ಕಡೆಯಿಂದೆಲ್ಲ ಉಧೋ ಉಧೋ ಅನ್ನುತ್ತ ಗುಡ್ಡಕ್ಕೆ ಹೋಗುವವರಲ್ಲಿ ಹೆಣ್ಣುಮಕ್ಕಳೇ ಎಷ್ಟೊಂದು. ಏನು ಬೇಡಿಕೊಳ್ತಾರೋ ನಾನು ಕೇಳಿಲ್ಲ.

ಈ ಸಿನಿಮಾ ಮೊದಲ ಸಲ ಟಿವಿಯಲ್ಲಿ ಬಂದಾಗ ಮನೆಯವರೆಲ್ಲ ಕೂತು ನೋಡಿದ್ದೆವು. ರಾಮದುರ್ಗದ ದೊಡ್ಡವ್ವ ಬಂದಿದ್ದಳು. ನಮ್ಮ ದೊಡ್ಡಪ್ಪ ಹೊಡೆದವರಲ್ಲ, ಬೈದವರೂ ಅಲ್ಲ. "ಊಟಕ್ಕ ಹಾಕು" ಅಂತ ಬಿಟ್ಟರೆ ಅವರು ಆಕೆಯ ಹತ್ತಿರ ಮಾತಾಡಿದ್ದನ್ನ ನಾನಂತೂ ಕೇಳಿಲ್ಲ. ಸಿನಿಮಾ ಮುಗಿದ ಮೇಲೆ ಕಾಕಾ, ಮಾವ ಎಲ್ಲ ಸೇರಿ ರಾಣಿ ಮಾಡಿದ್ದು ಪಾಪವೋ ಅಲ್ಲವೋ ಅಂತ ಜೋರು ಚರ್ಚೆ. ದೊಡ್ಡವ್ವ ಮೂಲೆಯಲ್ಲಿ ಜೋಳ ಹಸನ ಮಾಡುತ್ತಿದ್ದಳು. ತಲೆ ಎತ್ತದೇನೇ ಅಂದಳು:

"ಆಕೀಗೆ ಹಾವರ ಬಂತು."

ಮೊರ ಎತ್ತಿಕೊಂಡು ಒಳಗೆ ಹೋದಳು.