ಮೊದಲ ವರ್ಷದ ಹೊರೆ

ಮಗಳಿಗೆ ಎಂಬಿಬಿಎಸ್ ಸೀಟು ದೊರೆತ ದಿನ ನಾವು ನೆರೆಹೊರೆಗೆಲ್ಲ ಸಿಹಿ ಹಂಚಿದೆವು. ಮೊದಲ ಆಂತರಿಕ ಪರೀಕ್ಷೆಯಲ್ಲಿ ಅಂಕಗಳು ಕುಸಿದಾಗ ಫೋನಿನಲ್ಲೇ ಗದರಿದೆವು. ಸೀಟು ಸಿಕ್ಕಿತೆಂದು ಅವಳು ಮೈಮರೆತಳೆಂಬುದೇ ನಮ್ಮ ತೀರ್ಮಾನವಾಗಿತ್ತು. ಆ ತೀರ್ಮಾನ ತಪ್ಪು.

ನೀಟ್ ಪರೀಕ್ಷೆಯಲ್ಲಿ ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಿದರೆ ಸಾಕು. ಮೊದಲ ವರ್ಷದ ಅಪೇಕ್ಷೆಯೇ ಬೇರೆ. ಅಲ್ಲಿ ಪುಟಗಟ್ಟಲೆ ಬರೆಯಬೇಕು, ಚಿತ್ರ ಬಿಡಿಸಬೇಕು. ಮೂಳೆಯೊಂದನ್ನು ಕೈಗಿತ್ತರೆ ಅದು ಎಡಭಾಗದ್ದೋ ಬಲಭಾಗದ್ದೋ ಎಂದು ಪರೀಕ್ಷಕರೆದುರು ಬಾಯಿಬಿಟ್ಟು ಹೇಳಬೇಕು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಮೂರೂ ಜೊತೆಜೊತೆಗೆ ಸಾಗುತ್ತವೆ. 2019ರ ಪಠ್ಯಕ್ರಮದಿಂದ ಮೊದಲ ವರ್ಷದಲ್ಲೇ ರೋಗಿಗಳ ಒಡನಾಟವೂ ಸೇರಿದೆ. ಎರಡು ವರ್ಷ ರೂಢಿಸಿಕೊಂಡ ಓದಿನ ಕ್ರಮವನ್ನು ಕಳಚಿ, ಹೊಸದನ್ನು ಕಲಿಯುವುದೇ ನಿಜವಾದ ಹೊರೆ.

ಆ ಹೊರೆಯನ್ನು ಇಳಿಸಿರೆಂದು ನಾವು ಕೇಳುತ್ತಿಲ್ಲ. ನಾಳೆ ನಮ್ಮ ನಾಡಿ ಹಿಡಿಯುವ ಕೈಗೆ ಅಷ್ಟು ತಿಳಿವಳಿಕೆ ಇರಲೇಬೇಕು. ಕೇಳುವುದಿಷ್ಟೇ: ತಂದೆತಾಯಿಗಳು ಅದರ ತೂಕವನ್ನು ಅರಿಯಲಿ. 2023ರ ನಿಯಮಾವಳಿಯಂತೆ ಮೊದಲ ವರ್ಷ ತೇರ್ಗಡೆಯಾಗಲು ನಾಲ್ಕೇ ಅವಕಾಶಗಳು. ಆ ಭಯ ಮಕ್ಕಳಿಗಿದ್ದೇ ಇದೆ, ನಮ್ಮದನ್ನೂ ಸೇರಿಸಬೇಕಿಲ್ಲ.

ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕಷ್ಟ ಹೇಳಿಕೊಳ್ಳಲು ಹತ್ತಿರದಲ್ಲಿ ಅಜ್ಜಿಯಿಲ್ಲ, ಸೋದರಮಾವನಿಲ್ಲ. ಇರುವುದು ರಾತ್ರಿಯ ಫೋನ್ ಒಂದೇ. ಅದನ್ನೂ ನಾವು ಲೆಕ್ಕ ಕೇಳುವ ಕಚೇರಿಯಾಗಿಸಿದರೆ ಅವರು ಯಾರಲ್ಲಿ ಹೇಳಿಕೊಳ್ಳಬೇಕು? ಈಗ ನಾವು ಮೊದಲು ಕೇಳುವುದು, "ಊಟ ಆಯಿತೇನಮ್ಮ?" ಎಂದು. ಅಂಕಗಳ ಸಂಗತಿಯನ್ನು ಅವಳೇ ಹೇಳುತ್ತಾಳೆ.