ಡಿಸ್ಚಾರ್ಜ್ ಚೀಟಿಯಲ್ಲಿ ಇನ್ನೊಂದು ಸಾಲು ಇರಲಿ

ಕುಡಿದು ಕುಡಿದು ಹಾಸಿಗೆ ಹಿಡಿದವರನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳು ಬದುಕಿಸುತ್ತವೆ. ಆಮೇಲೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಾಸನ ಜಿಲ್ಲೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದ ನಾನು ಇದನ್ನು ಮೇಲ್ ವಾರ್ಡಿನಲ್ಲಿ ನಿಂತು ನೋಡಿದವಳು. ಕೈ ನಡುಗುತ್ತಾ, ಬೆವರುತ್ತಾ, ಗೋಡೆ ಮೇಲೆ ಇಲ್ಲದ ಹುಳ ಹರಿದಾಡುತ್ತಿದೆ ಎಂದು ಕೂಗುತ್ತಾ ಬರುತ್ತಾರೆ. ಡ್ರಿಪ್ ಹಾಕಿ, ಥಯಮಿನ್ ಇಂಜೆಕ್ಷನ್ ಕೊಟ್ಟು, ನಿದ್ದೆ ಬರಿಸಿ, ಒಂದು ವಾರದಲ್ಲಿ ನಡೆದಾಡುವಂತೆ ಮಾಡಿ ಕಳಿಸುವುದಾಗುತ್ತದೆ. ಚೀಟಿಯ ಕೊನೆಯಲ್ಲಿ ‘ಮದ್ಯಪಾನ ಬಿಡುವುದು’ ಎಂದಿರುತ್ತದೆ. ಹೇಗೆ ಬಿಡುವುದು, ಯಾರ ಜೊತೆ ಬಿಡುವುದು? ಮುಂದಿನ ಹಬ್ಬದ ಹೊತ್ತಿಗೆ ಅದೇ ಮನುಷ್ಯ ಮತ್ತೆ ಅದೇ ವಾರ್ಡಿಗೆ ಬರುತ್ತಾನೆ.

ನನ್ನ ತಮ್ಮ ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್. ಬಟವಾಡೆ ದಿನದ ಕುಡಿತ ಅವನಿಗೆ ದಿನದಿನದ್ದಾಯಿತು. ಚಿಕಿತ್ಸೆ ಮುಗಿದ ಮೇಲೆ ಅವನನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಕೇಳಿದಾಗ ಉತ್ತರ ಕೊಟ್ಟವರು ವೈದ್ಯರಲ್ಲ, ಗೇಟಿನ ಹತ್ತಿರ ಆಟೊ ನಿಲ್ಲಿಸಿಕೊಳ್ಳುವ ಒಬ್ಬರು. “ಸಿಸ್ಟರ್, ಭಾನುವಾರ ಸಂಜೆ ನಿಮ್ಮ ತಮ್ಮನ್ನ ನನ್ ಜೊತೆ ಕಳಿಸಿ. ನಾನೂ ಕುಡೀತಿದ್ದವನೇ,” ಎಂದರು. ದಿನಾ ಕಣ್ಣೆದುರಿಗಿದ್ದ ಅವರ ಆ ಬದುಕು ಆಸ್ಪತ್ರೆಯೊಳಗೆ ಒಬ್ಬರಿಗೂ ಗೊತ್ತಿರಲಿಲ್ಲ.

ಅವರು ಕರೆದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ ನಡೆಯುತ್ತಿದ್ದುದು ಶಾಲೆಯೊಂದರ ಕೊಠಡಿಯಲ್ಲಿ. ಮನೆಯವರಿಗೂ ಪ್ರವೇಶವಿರುವ ‘ಓಪನ್ ಮೀಟಿಂಗ್’ ಇದ್ದ ದಿನ ನಾನೂ ತಮ್ಮನ ಹೆಂಡತಿಯೂ ಹೋದೆವು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಕೂತಿದ್ದರು: ಗಾರೆ ಕೆಲಸದವರು, ಬ್ಯಾಂಕಿನವರು, ಕಾಲೇಜಿನಲ್ಲಿ ಪಾಠ ಹೇಳುವವರು. ಒಬ್ಬೊಬ್ಬರೂ ಎದ್ದು ಹೆಸರು ಹೇಳಿ, “ನಾನೊಬ್ಬ ಆಲ್ಕೊಹಾಲಿಕ್” ಎಂದು ತಮ್ಮ ಕಥೆಯನ್ನಷ್ಟೇ ಹೇಳಿದರು. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಹಾಜರಿ ಪುಸ್ತಕವಿಲ್ಲ, ಶುಲ್ಕವಿಲ್ಲ. ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಬರುತ್ತದೆ, ಮನಸ್ಸಿದ್ದ ಸದಸ್ಯರು ಹಾಕುತ್ತಾರೆ. ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡುವ ಆಸೆ. ಜೀವಮಾನಕ್ಕೆಲ್ಲ ಆಣೆ ಹಾಕಿಸುವುದೂ ಇಲ್ಲ. ಇವತ್ತೊಂದು ದಿನ ಮುಟ್ಟಬೇಡ ಎನ್ನುತ್ತಾರೆ. ವಾಪಸ್ ಬಸ್ಸಿನಲ್ಲಿ ತಮ್ಮ ಹೇಳಿದ: “ಅಕ್ಕಾ, ಅಲ್ಲಿ ಸುಳ್ಳು ಹೇಳೋ ಪ್ರಸಂಗಾನೇ ಬರಲ್ಲ.” ಎಷ್ಟೋ ವರ್ಷ ಸುಳ್ಳು ಹೇಳಿಯೇ ದಿನ ದೂಡಿದವನ ಬಾಯಿಂದ ಆ ಮಾತು ಬಂದಿತ್ತು.

ಯುಗಾದಿ ಕಳೆದು ಅವನು ಮತ್ತೆ ಕುಡಿದ. ನಾವು ಮನೆಯವರು ಅತ್ತೆವು, ಬೈದೆವು. ಗುಂಪಿನವರು ಫೋನ್ ಮಾಡಿ, “ಭಾನುವಾರ ಬಾ” ಎಂದರು, ಅಷ್ಟೇ. ಅವನು ಹೋದ. ಇವತ್ತಿಗೂ ಹೋಗುತ್ತಿದ್ದಾನೆ.

1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್, ಇಬ್ಬರು ಕುಡುಕರು, ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ ದಾರಿ ಇದು. ಬರೀ ನಂಬಿಕೆಯ ಮಾತೂ ಅಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಪೂರ್ತಿಯಾಗಿ ಕುಡಿತ ಬಿಟ್ಟಿರುವ ವಿಷಯದಲ್ಲಿ, ಜನರನ್ನು ಇಂಥ ಗುಂಪಿಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲ ಕೊಟ್ಟಿದೆ ಎಂದು ಕಂಡುಬಂತು. ನಮ್ಮಲ್ಲೋ, 2019ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ.

ಸಭೆಯಲ್ಲಿ ಪ್ರಾರ್ಥನೆ ಇರುತ್ತದೆ, ಅದು ಎಲ್ಲರಿಗೂ ಒಗ್ಗಲಿಕ್ಕಿಲ್ಲ. ಗಂಡಸರೇ ತುಂಬಿದ ಕೊಠಡಿಗೆ ಕಾಲಿಡುವುದು ಹೆಂಗಸರಿಗೆ ಕಷ್ಟ. ನಮ್ಮಲ್ಲಿ ಕುಡಿತಕ್ಕೆ ಸಿಕ್ಕ ಹೆಂಗಸರು ಬಾಗಿಲು ಹಾಕಿಕೊಂಡೇ ನರಳುತ್ತಾರೆ. ಈ ಕೊರತೆ ನನ್ನನ್ನು ಕೊರೆಯುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ಊರಿನಲ್ಲಿ ಸೇರುವ ನವಜೀವನ ಸಮಿತಿಗಳಿವೆ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಗುಂಪಿದೆ. ಯಾವುದು ಒಗ್ಗಿದರೂ ಸರಿ. ಆದರೆ ನರ್ಸಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ದಿನವಿಡೀ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಫಿಟ್ಸ್ ಬಂದು ಜೀವ ಹೋಗಬಹುದು. ಮೊದಲು ವೈದ್ಯರು, ಆಮೇಲೆ ಗುಂಪು.

ಬಾರ್ ಎಲ್ಲಿದೆ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಮಗುವೂ ಕೈ ತೋರಿಸುತ್ತದೆ. ಅಬಕಾರಿಯಿಂದ ಬೊಕ್ಕಸ ತುಂಬಿಸಿಕೊಳ್ಳುವ ಸರ್ಕಾರಕ್ಕೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಹತ್ತಿರದ ಸಭೆಯ ಜಾಗ, ವಾರ, ಹೊತ್ತು ಬರೆದ ಬೋರ್ಡು ಹಾಕುವುದು ಭಾರವಾಗಬಾರದು. ಇದಕ್ಕೆ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಅದು ಬರುವ ತನಕ ವಾರ್ಡಿನಲ್ಲಿರುವ ವೈದ್ಯರೇ, ನರ್ಸ್ ತಂಗಿಯರೇ, ನಿಮ್ಮೂರಿನ ಸಭೆಯ ವಿಳಾಸ ತಿಳಿದುಕೊಂಡು ಚೀಟಿಯಲ್ಲಿ ನೀವೇ ಬರೆದುಕೊಡಿ. ಮನೆಯಲ್ಲಿ ಈ ಸಂಕಟ ಇರುವವರು 14446ಕ್ಕೆ ಫೋನ್ ಮಾಡಿ, ಅದು ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. 14416ರ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ.