ಶುಲ್ಕದ ರಸೀದಿ, ತೆರಿಗೆಯ ನ್ಯಾಯ

1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ಉನ್ನತ ಶಿಕ್ಷಣ ನಮ್ಮ ಮನೆಬಾಗಿಲಿಗೆ ಬಂದಿತು. ಅದರ ವೆಚ್ಚವೂ ಬಂದಿತು. ಉಡುಪಿ, ಕಾಪು, ಕಾರ್ಕಳಗಳಲ್ಲಿ ನೌಕರಿಯಲ್ಲಿರುವ ಹೆತ್ತವರು ಶುಲ್ಕದ ರಸೀದಿಯನ್ನು ಜೋಪಾನವಾಗಿಡುವುದು ಆದಾಯ ತೆರಿಗೆಯ ರಿಯಾಯಿತಿಗಾಗಿ.

80-ಸಿ ಎಂದು ಪರಿಚಿತವಾದ ಈ ರಿಯಾಯಿತಿ ಭಾರತದೊಳಗಿನ ಪೂರ್ಣಾವಧಿ ವ್ಯಾಸಂಗದ ಬೋಧನಾ ಶುಲ್ಕಕ್ಕೆ, ಅದೂ ಒಬ್ಬ ತೆರಿಗೆದಾರನ ಇಬ್ಬರು ಮಕ್ಕಳಿಗೆ ಮಾತ್ರ. ದೇಣಿಗೆ, ಅಭಿವೃದ್ಧಿ ಶುಲ್ಕ, ಹಾಸ್ಟೆಲ್ ವೆಚ್ಚ ಇದರಲ್ಲಿ ಸೇರವು. ತಮ್ಮನ ಶುಲ್ಕ ಕಟ್ಟುವ ಅಕ್ಕನಿಗೆ ಏನೂ ಇಲ್ಲ. ಭವಿಷ್ಯನಿಧಿ, ಜೀವವಿಮೆಗಳೂ ಸೇರಿ 1.5 ಲಕ್ಷ ರೂಪಾಯಿಯೆಂಬ ಮಿತಿ 2014ರಲ್ಲಿ ನಿಗದಿಯಾದದ್ದು.

ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗಷ್ಟೇ ಇದು ಲಭ್ಯ. 2023ರಿಂದ, ಬೇರೆ ಹೇಳದಿದ್ದರೆ, ಹೊಸ ಪದ್ಧತಿಯೇ ಅನ್ವಯ. ಅದರಲ್ಲಿ ಶುಲ್ಕಕ್ಕೂ ಶಿಕ್ಷಣ ಸಾಲದ ಬಡ್ಡಿಗೂ ರಿಯಾಯಿತಿಯಿಲ್ಲ; ಬದಲಿಗೆ ತೆರಿಗೆಯ ದರ ಕಡಿಮೆ. 2025ರ ಮುಂಗಡಪತ್ರದ ಬಳಿಕ 12 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ.

ಇದು ಅನೇಕರಿಗೆ ಲಾಭವೇ. ಆದರೆ ಮಗಳನ್ನು ಓದಿಸುವ ಮನೆಯೂ ಹೊಸ ಕಾರು ಕೊಳ್ಳುವ ಮನೆಯೂ ಈ ಪದ್ಧತಿಯ ಕಣ್ಣಿಗೆ ಒಂದೇ. ಅಸಮಾನರನ್ನು ಸಮಾನರೆಂದು ಕಾಣುವುದು ನ್ಯಾಯವಲ್ಲವೆಂದು ಅರಿಸ್ಟಾಟಲನ ಕಾಲದಿಂದ ತತ್ತ್ವಶಾಸ್ತ್ರ ಹೇಳುತ್ತ ಬಂದಿದೆ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ, ಬೀಡಿ ಕಟ್ಟಿ ಮಗನನ್ನು ಓದಿಸುವ ತಾಯಿಗಂತೂ ಎರಡು ಪದ್ಧತಿಗಳಲ್ಲೂ ದೊರೆಯುವುದು ಸೊನ್ನೆ.

ಆದುದರಿಂದ ರಿಟರ್ನ್ ಸಲ್ಲಿಸುವ ಮುನ್ನ ಎರಡೂ ಪದ್ಧತಿಗಳ ಲೆಕ್ಕ ಹಾಕೋಣ. ಸಲ್ಲುವುದನ್ನು ಪಡೆಯೋಣ, ಸಲ್ಲದುದನ್ನು ಬರೆಯದಿರೋಣ. ಉಳಿದ ಹಣದ ಒಂದು ಪಾಲು ಆ ತಾಯಿಯ ಮಗನ ಶುಲ್ಕಕ್ಕೆ ಸಂದರೆ, ಕಾನೂನು ಕಾಣದ ಹೊಣೆಯನ್ನು ನಮ್ಮ ಸಮುದಾಯವು ಹೊತ್ತಂತಾಗುವುದು.